ಅಕ್ಷರದ ತೊಡಕು, ಮನದ ಬೇನೆ: ಎರಡೂ ಒಬ್ಬರಲ್ಲಿ ಕೂಡಿದಾಗ

ಅಕ್ಷರ ಹತ್ತದ ಮಗುವನ್ನು ದಡ್ಡನೆಂದೂ ಮನಸ್ಸು ಕದಡಿದವನನ್ನು ಗಾಳಿ ಸೋಕಿದವನೆಂದೂ ಕರೆಯುವ ರೂಢಿ ನಮ್ಮ ಹಿರೇಕೆರೂರು ಸೀಮೆಯಿಂದ ಇನ್ನೂ ಅಳಿದಿಲ್ಲ. ಮಾಸೂರಿನಂಥ ಊರುಗಳಲ್ಲಿ ಈ ಎರಡು ಹೆಸರನ್ನೂ ಒಬ್ಬರೇ ಹೊತ್ತು ಬಾಳುವುದುಂಟು. ಅಂಥವರ ಮನೆಯವರಿಗಾಗಿ ಈ ಮಾತುಗಳು.

ಕಲಿಕಾ ನ್ಯೂನತೆಯು ಬುದ್ಧಿಮಾಂದ್ಯವಲ್ಲ, ಮನೋರೋಗವೂ ಅಲ್ಲ. ಕೇಳಿದ ಧ್ವನಿಯನ್ನು ಬರೆದ ಅಕ್ಷರದೊಡನೆ ಹೊಂದಿಸುವ ಕಾರ್ಯವು ಮೆದುಳಿನಲ್ಲಿ ತೊಡಕಿನಿಂದ ಸಾಗುವುದೇ ಬಹುಪಾಲು ಅದರ ಮೂಲ. ಕನ್ನಡದ ಮೂಲಾಕ್ಷರಗಳು 49 ಆದರೂ ಕಾಗುಣಿತ, ಒತ್ತಕ್ಷರಗಳು ಕೂಡಿ ಮಗುವು ಗುರುತಿಸಬೇಕಾದ ರೂಪಗಳು ನೂರಾರು. ಈ ತೊಡಕುಳ್ಳ ಮಗು ಒತ್ತನ್ನು ಬಿಡುತ್ತದೆ, ಹ್ರಸ್ವ ದೀರ್ಘಗಳನ್ನು ಅದಲುಬದಲು ಮಾಡುತ್ತದೆ. ಅದೇ ಪಾಠವನ್ನು ಓದಿ ಹೇಳಿದರೆ ಚೆನ್ನಾಗಿ ಗ್ರಹಿಸುತ್ತದೆ. ಮಾತ್ರೆಯಿಂದ ಹೋಗುವ ತೊಂದರೆ ಇದಲ್ಲ. ಕಲಿಸುವ ಬಗೆಯನ್ನು ಬದಲಿಸಬೇಕು. ಅಬಲೂರು, ಮಾಸೂರುಗಳೊಡನೆ ಹೆಸರು ಬೆರೆತಿರುವ ಸರ್ವಜ್ಞನ ತ್ರಿಪದಿಗಳನ್ನು ಉತ್ತಂಗಿ ಚನ್ನಪ್ಪನವರು ಸಂಗ್ರಹಿಸಿ ಪ್ರಕಟಿಸಿದ್ದು 1924ರಲ್ಲಿ. ಅದಕ್ಕೂ ಮುಂಚೆ ಅವು ಜನರ ನಾಲಗೆಯ ಮೇಲೂ ಬಾಳಿದವು. ಕಿವಿಯಿಂದ ಬಂದ ಅರಿವನ್ನು ಕೀಳೆಂದು ಬಗೆಯಲು ಈ ನಾಡಿನವರಿಗಂತೂ ಕಾರಣವಿಲ್ಲ.

ಆದರೆ ವರ್ಷಗಟ್ಟಲೆ ಹೀಯಾಳಿಕೆ ಉಂಡ ಮಗುವಿನಲ್ಲಿ ಆತಂಕ, ಖಿನ್ನತೆಗಳು ಉಳಿದ ಮಕ್ಕಳಿಗಿಂತ ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಖಿನ್ನತೆಯು ಗಮನವನ್ನು ಕುಗ್ಗಿಸುವುದರಿಂದ ಮೊದಲೇ ಕಷ್ಟವಾಗಿದ್ದ ಓದು ಇನ್ನಷ್ಟು ಕಷ್ಟವಾಗುತ್ತದೆ. ಕೆಲವು ಔಷಧಗಳು ತರುವ ಮಂಪರೂ ಇದಕ್ಕೆ ಸೇರುತ್ತದೆ. ವೈದ್ಯರು "ತಿಳಿಯಿತೆ?" ಎಂದಾಗ ಇಂಥವರು ಸಂಕೋಚದಿಂದ ತಲೆಯಾಡಿಸಿ ಬರುತ್ತಾರೆ, ಚೀಟಿ ಓದಲಾಗದೆ ಮಾತ್ರೆ ತಪ್ಪುತ್ತದೆ, ಬೇನೆ ಮರಳುತ್ತದೆ. ಊರವರು ಇದನ್ನು ಹಟವೆನ್ನುತ್ತಾರೆ.

ಆದುದರಿಂದ ವೈದ್ಯರ ಮುಂದೆ ಓದಿನ ತೊಡಕನ್ನು ಮೊದಲೇ ಹೇಳಬೇಕು. ಹೇಳಿದ್ದನ್ನು ರೋಗಿಯ ಬಾಯಲ್ಲಿ ಮತ್ತೊಮ್ಮೆ ಹೇಳಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು. ಡಬ್ಬಿಗಳ ಮೇಲೆ ಸೂರ್ಯ, ಚಂದ್ರರ ಚಿತ್ರ ಬರೆದು ಹಗಲಿನದು, ರಾತ್ರಿಯದು ಎಂದು ಬೇರೆ ಮಾಡಬಹುದು. ಮಾತ್ರೆಯ ಬಣ್ಣವೊಂದನ್ನೇ ನಂಬಬಾರದು. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಸದ್ಭಕ್ತರಿಗೆ ವಿಶೇಷವಾಗಿ ಒಂದು ಮಾತು. ಲಿಥಿಯಂ ಸೇವಿಸುವವರು ಶಿವರಾತ್ರಿ, ಶ್ರಾವಣಗಳಲ್ಲಿ ನೀರು ಬಿಟ್ಟು ಅಥವಾ ಉಪ್ಪು ಬಿಟ್ಟು ಉಪವಾಸ ಮಾಡಿದರೆ ಆ ಔಷಧವು ರಕ್ತದಲ್ಲಿ ಏರಿ ವಿಷವಾಗಬಲ್ಲದು. ಕೈನಡುಕ, ವಾಂತಿ, ತೊದಲು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ವೈದ್ಯರನ್ನು ಕೇಳದೆ ಅವರು ಉಪವಾಸ ಹಿಡಿಯಬಾರದು; ಇಷ್ಟಲಿಂಗ ಪೂಜೆಗೆ ಹಸಿದ ಹೊಟ್ಟೆಯೇ ಬೇಕೆಂದಿಲ್ಲ. ಯಂತ್ರ, ತಾಯಿತ ಬೇಡಿ ಬಂದವರಿಗೂ ನಾವು ಆಸ್ಪತ್ರೆಯ ದಾರಿಯನ್ನೇ ತೋರಿಸುತ್ತೇವೆ.

ಆ ದಾರಿ ದೂರದ್ದೇನಲ್ಲ. 1845ರಲ್ಲಿ ಹುಚ್ಚಾಸ್ಪತ್ರೆಯಾಗಿ ಆರಂಭವಾದದ್ದೇ ಇಂದಿನ ಧಾರವಾಡದ ಡಿಮ್ಹಾನ್ಸ್. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದ ಮಾದರಿಯಲ್ಲಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಹರಡಿತು. ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ರಾತ್ರಿ ಹೊತ್ತು ಕಳವಳವಾದರೆ, ಸಾಯುವ ಮಾತು ಬಂದರೆ, ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು; ಅದು ಉಚಿತ.

1995ರ ಅಂಗವಿಕಲರ ಕಾಯಿದೆಯಲ್ಲಿ ಕಲಿಕಾ ನ್ಯೂನತೆಗೆ ಸ್ಥಾನವಿರಲಿಲ್ಲ. 2016ರ ಕಾಯಿದೆಯು ಗುರುತಿಸಿದ 21 ಬಗೆಗಳಲ್ಲಿ ಅದೂ ಇದೆ, ಮಾನಸಿಕ ಅಸ್ವಸ್ಥತೆಯೂ ಇದೆ. ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯುವವರ ನೆರವು ಕೇಳಬಹುದು. ತಪಾಸಣೆಗೆ ಹೋಗುವಾಗ ಹಳೆಯ ಶಾಲಾ ನೋಟ್‌ಪುಸ್ತಕಗಳು ಉಳಿದಿದ್ದರೆ ಜೊತೆಗೆ ಒಯ್ಯಿರಿ. ತೊಡಕು ಬಾಲ್ಯದಿಂದಲೇ ಇತ್ತೆ, ಬೇನೆಯ ನಂತರ ಬಂದಿತೆ ಎಂಬುದನ್ನು ವೈದ್ಯರು ಅವುಗಳಿಂದ ಅಳೆಯಬಲ್ಲರು.