ಹುಲ್ಲು ಕತ್ತರಿಸುವ ಯಂತ್ರ: ಪೆಟ್ರೋಲೋ, ವಿದ್ಯುತ್ತೋ? (ಕಣಕಟ್ಟೆ ಸೀಮೆಯ ತೆಂಗಿನ ತೋಟಗಳನ್ನು ಕುರಿತ ಒಂದು ವಿಚಾರ)

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿಗೆ ಸೇರಿದ ಕಣಕಟ್ಟೆ ಹೋಬಳಿಯು ಒಣಸೀಮೆ. ಅದೇ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರದ ಕಡೆ ಸುರಿಯುವ ಮಳೆಯಲ್ಲಿ ಮೂರರಲ್ಲೊಂದು ಪಾಲು ಇಲ್ಲಿ ಬಿದ್ದರೆ ಅದನ್ನೇ ಒಳ್ಳೆಯ ವರ್ಷವೆಂದು ಎಣಿಸುವ ವಾಡಿಕೆಯುಂಟು. ಇಂತಹ ಕಡೆ ಹುಲ್ಲು ಕತ್ತರಿಸುವ ಯಂತ್ರದ ಆಯ್ಕೆಯನ್ನು ಕುರಿತು ಬರೆಯುವ ಅಗತ್ಯವೇನೆಂದು ವಾಚಕರು ಕೇಳಬಹುದು. ತೆಂಗಿನ ತೋಟವನ್ನು ಒಮ್ಮೆ ನೋಡಿದವರಿಗೆ ಉತ್ತರವು ತಾನಾಗಿಯೇ ಹೊಳೆಯುವುದು. ಮೂವತ್ತು ಅಡಿಗೊಂದರಂತೆ ಗಿಡ ನೆಟ್ಟರೆ ಎಕರೆಗೆ ಹಿಡಿಯುವ ಮರಗಳು ಸುಮಾರು 48 ಮಾತ್ರ. ಮರಮರದ ನಡುವೆ ಧಾರಾಳವಾಗಿ ಬಿಸಿಲು ಬೀಳುತ್ತದೆ. ಮುಂಗಾರಿನ ಮೊದಲ ಹದಮಳೆಗೂ, ಮತ್ತೆ ಸೆಪ್ಟೆಂಬರ್ ಅಕ್ಟೋಬರುಗಳ ಮಳೆಗೂ ಗರಿಕೆ, ಜೇಕು ಹಾಗೂ ಕಾಂಗ್ರೆಸ್ ಗಿಡಗಳು ಈ ತೆರಪನ್ನೆಲ್ಲ ತುಂಬಿಬಿಡುತ್ತವೆ.

ಹಿಂದೆ ಈ ಕೆಲಸವನ್ನು ಕುಂಟೆಯೂ ಕುಡುಗೋಲೂ ಮಾಡುತ್ತಿದ್ದವು. ಎತ್ತುಗಳು ಕಡಿಮೆಯಾದುವು, ಕೂಲಿಗೆ ಜನ ದೊರೆಯುವುದು ದುರ್ಲಭವಾಯಿತು. ಟ್ರ್ಯಾಕ್ಟರಿನಿಂದ ಉತ್ತರೆ ಕಳೆ ಹೋಗುವುದೇನೋ ನಿಜ. ಆದರೆ ತೆಂಗಿನ ಆಹಾರಗ್ರಾಹಿ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಆರೇಳು ಅಡಿಯೊಳಗೆ, ಅದೂ ಮೇಲ್ಪದರದಲ್ಲಿಯೇ ಹರಡಿರುವುದರಿಂದ, ಪಾತಿಯ ಸಮೀಪದಲ್ಲಿ ನೇಗಿಲು ಆಳಕ್ಕೆ ಇಳಿದಷ್ಟೂ ಮರಕ್ಕೆ ನಷ್ಟ. ಕಳೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಅದನ್ನು ಅಲ್ಲಿಯೇ ಹೊದಿಕೆಯಾಗಿ ಬಿಡುವುದು ಮಣ್ಣಿಗೂ ತೇವಕ್ಕೂ ಹಿತಕರ. ಹೀಗಾಗಿ ಜನರು ‘ಹುಲ್ಲು ಹೊಡೆಯುವ ಮೆಷಿನ್’ ಎಂದು ಕರೆಯುವ ಯಂತ್ರವು ತೋಟಗಳಿಗೆ ಬಂದಿತು. ಅದರ ಹಿಂದೆಯೇ ಪೆಟ್ರೋಲಿನದನ್ನು ಕೊಳ್ಳಬೇಕೋ ಕರೆಂಟಿನದನ್ನು ಕೊಳ್ಳಬೇಕೋ ಎಂಬ ಪ್ರಶ್ನೆಯೂ ಬಂದಿತು.

ಮೊದಲು ಒಂದು ಗೊಂದಲವನ್ನು ಪರಿಹರಿಸಬೇಕು. ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲಿಸಿರುವ ಎರಡು ಬಗೆಯ ಯಂತ್ರಗಳು ವಾಸ್ತವವಾಗಿ ಬೇರೆ ಬೇರೆ ವಂಶದವು. ಚಕ್ರಗಳ ಮೇಲೆ ತಳ್ಳುವ ಹುಲ್ಲುಹಾಸಿನ ಯಂತ್ರಕ್ಕೆ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಹಕ್ಕುಪತ್ರ ಪಡೆದನು. ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಗಿರಣಿಯ ಯಂತ್ರವನ್ನು ನೋಡಿ ಅವನಿಗೆ ಈ ಯೋಚನೆ ಹೊಳೆಯಿತೆನ್ನುವರು. ಹೆಗಲಿಗೆ ತೂಗುಹಾಕಿಕೊಂಡು, ಉದ್ದನೆಯ ಕೊಳವೆಯ ತುದಿಯಲ್ಲಿ ಅಲಗನ್ನೋ ನೈಲಾನ್ ದಾರವನ್ನೋ ತಿರುಗಿಸುವ ಯಂತ್ರವು ಬಹಳ ಈಚಿನದು. ದಾರದಿಂದ ಹುಲ್ಲು ಹೊಡೆಯುವ ಉಪಾಯವನ್ನು 1971ರಲ್ಲಿ ಅಮೆರಿಕದ ಜಾರ್ಜ್ ಬ್ಯಾಲಸ್ ಎಂಬುವರು ಕಾರು ತೊಳೆಯುವ ಯಂತ್ರದ ತಿರುಗುವ ಕುಂಚಗಳನ್ನು ಕಂಡು ಕಲ್ಪಿಸಿದರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಮುಂದಿರುವಂತಹ ಸಮತಟ್ಟಾದ ಹುಲ್ಲುಹಾಸಿಗೆ ಮೊದಲನೆಯದು ತಕ್ಕದ್ದು. ಪಾತಿಯ ಏರಿ, ಬಿದ್ದ ಗರಿ, ಒಡೆದ ಚಿಪ್ಪು, ಹನಿ ನೀರಾವರಿಯ ಕೊಳವೆ ಇವುಗಳಿಂದ ತುಂಬಿದ ತೋಟದಲ್ಲಿ ಅದು ಹತ್ತು ಮಾರು ಸಹ ಚಲಿಸಲಾರದು; ಅಲ್ಲಿ ಹೆಗಲ ಯಂತ್ರವೇ ಗತಿ. ಮುಂದೆ ನಾವು ಹೇಳುವುದು ಮುಖ್ಯವಾಗಿ ಈ ಎರಡನೆಯದನ್ನು ಕುರಿತು.

ಪೆಟ್ರೋಲ್ ಯಂತ್ರಗಳಲ್ಲಿ ಎರಡು ಹೊಡೆತದವು, ನಾಲ್ಕು ಹೊಡೆತದವು ಎಂದು ಎರಡು ವಿಧ. ಎರಡು ಹೊಡೆತದ ಯಂತ್ರವು ಹಗುರ, ಬೆಲೆಯೂ ಕಡಿಮೆ. ಇದಕ್ಕೆ ಪೆಟ್ರೋಲಿನೊಡನೆ ತಯಾರಕರು ಹೇಳಿದ ಪ್ರಮಾಣದಲ್ಲಿ, ಅನೇಕ ಯಂತ್ರಗಳಲ್ಲಿ ಐವತ್ತಕ್ಕೆ ಒಂದರಂತೆ, ಎಣ್ಣೆಯನ್ನು ಬೆರೆಸಬೇಕು. ಸುಟ್ಟ ಹೊಗೆಯನ್ನು ಹೊರದೂಡಲು ಹೊಸ ಇಂಧನವನ್ನೇ ಉಪಯೋಗಿಸುವ ಇದರ ರಚನೆಯಿಂದಾಗಿ ಇಂಧನದ ಗಣನೀಯವಾದ ಭಾಗವು ಸುಡದೆಯೇ ಹೊರಬೀಳುತ್ತದೆ. ನಾಲ್ಕು ಹೊಡೆತದ್ದರಲ್ಲಿ ಈ ದೋಷವು ಅತ್ಯಲ್ಪ. ಎಣ್ಣೆಯನ್ನು ಬೇರೆಯಾಗಿಯೇ ತುಂಬುವುದರಿಂದ ಬೆರಕೆಯ ತಪ್ಪೂ ಆಗದು. ತೂಕವು ಮಾತ್ರ ಸ್ವಲ್ಪ ಹೆಚ್ಚು.

ವಿದ್ಯುತ್ತಿನವುಗಳಲ್ಲಿಯೂ ಎರಡು ವಿಧವುಂಟು. ತಂತಿಯ ಮೂಲಕ ನೇರವಾಗಿ 230 ವೋಲ್ಟನ್ನು ಪಡೆಯುವುದು ಎಲ್ಲಕ್ಕಿಂತ ಅಗ್ಗ. ಆದರೆ ಒಂದೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ನೂರು ಮೀಟರ್ ಎಳೆದರೆ, ಹೋಗಿ ಬರುವ ಎರಡು ಎಳೆಗಳ ಪ್ರತಿರೋಧ ಸುಮಾರು 2.4 ಓಮ್ ಆಗುತ್ತದೆ. ಐದು ಆಂಪಿಯರ್ ಹರಿದಾಗ ಹನ್ನೆರಡು ವೋಲ್ಟು ದಾರಿಯಲ್ಲಿಯೇ ನಷ್ಟ. ಹಳ್ಳಿಯ ಮನೆಗೆ ಸಂಜೆಯ ಹೊತ್ತು ಬರುವ ವೋಲ್ಟೇಜು ಮೊದಲೇ ಕುಗ್ಗಿರುವುದುಂಟು. ಅದರ ಮೇಲೆ ಇದೂ ಸೇರಿದರೆ ಮೋಟಾರು ಬಿಸಿಯಾಗದೆ ಇರದು. ನೂರು ಮೀಟರೆಂದರೆ ತೋಟದ ಒಂದು ಬದಿಯಷ್ಟೆ ಎಂಬುದನ್ನೂ ಮರೆಯಬಾರದು. ತೇವದ ಹುಲ್ಲಿನಲ್ಲಿ ತಂತಿ ಹರಿದಾಡುವುದೂ, ತಿರುಗುವ ಅಲಗು ಅದನ್ನು ತಾಗುವುದೂ ಪ್ರಾಣಕ್ಕೆ ಅಪಾಯಕರ. 30 ಮಿಲಿ ಆಂಪಿಯರಿಗೆ ಕಡಿದುಹೋಗುವ ಸೋರಿಕೆ ರಕ್ಷಕವಿಲ್ಲದ ಮನೆಯಲ್ಲಿ ಇಂತಹ ಯಂತ್ರವನ್ನು ಉಪಯೋಗಿಸಲೇಕೂಡದೆಂಬುದು ನಮ್ಮ ನಿಶ್ಚಿತವಾದ ಅಭಿಪ್ರಾಯ. ಪಂಪುಸೆಟ್ಟಿನ ಮೂರು ಫೇಸಿನ ಪೆಟ್ಟಿಗೆಯಿಂದ ಒಂದೆಳೆಯನ್ನು ಕದ್ದು ಎಳೆಯುವ ಸಾಹಸಕ್ಕಂತೂ ಯಾರೂ ಕೈಹಾಕಬಾರದು.

ಆದುದರಿಂದ ತೋಟದಲ್ಲಿ ನಿಜವಾದ ಸ್ಪರ್ಧೆಯಿರುವುದು ಪೆಟ್ರೋಲಿಗೂ ಬ್ಯಾಟರಿಗೂ. ಇಲ್ಲಿ ಒಂದು ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ: ಬ್ಯಾಟರಿಯ ಯಂತ್ರಕ್ಕೆ ಖರ್ಚೇ ಇಲ್ಲ, ಕರೆಂಟು ಅಗ್ಗ, ಎಂದು. 2023ರ ಜುಲೈಯಲ್ಲಿ ಗೃಹಜ್ಯೋತಿ ಯೋಜನೆಯು ಜಾರಿಗೆ ಬಂದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂದಿದೆ. ಇದನ್ನು ಲೆಕ್ಕಕ್ಕಿಟ್ಟು ಪರೀಕ್ಷಿಸುವುದು ಒಳಿತು.

ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಉಷ್ಣಶಕ್ತಿಯು ಸುಮಾರು 9 ಯೂನಿಟ್. ಸಣ್ಣ ಎರಡು ಹೊಡೆತದ ಯಂತ್ರವು ಇದರಲ್ಲಿ ನೂರಕ್ಕೆ ಹದಿನೈದರಷ್ಟನ್ನು ಕೆಲಸವನ್ನಾಗಿ ಪರಿವರ್ತಿಸುವುದೆಂದಿಟ್ಟುಕೊಂಡರೆ, ಅಲಗಿಗೆ ದೊರೆಯುವುದು 1.35 ಯೂನಿಟ್. ಎಣ್ಣೆಯೂ ಸೇರಿ ಲೀಟರಿಗೆ 110 ರೂಪಾಯಿ ಬಿದ್ದರೆ, ಒಂದು ಯೂನಿಟ್ ಕೆಲಸಕ್ಕೆ ತಗಲುವ ವೆಚ್ಚವು 80 ರೂಪಾಯಿಗಿಂತ ಸ್ವಲ್ಪ ಹೆಚ್ಚು. ಈಗ ಬ್ಯಾಟರಿಯನ್ನು ನೋಡೋಣ. ಗೋಡೆಯ ಪ್ಲಗ್ಗಿನಿಂದ ಅಲಗಿನವರೆಗೆ ನೂರಕ್ಕೆ ಎಪ್ಪತ್ತು ಪಾಲು ಉಳಿಯುವುದೆಂದೂ, ಯೂನಿಟ್ಟಿಗೆ 7 ರೂಪಾಯಿ ಎಂದೂ ಹಿಡಿದರೆ ವಿದ್ಯುತ್ತಿನ ವೆಚ್ಚ ಕೇವಲ 10 ರೂಪಾಯಿ. ಇಲ್ಲಿಗೇ ಲೆಕ್ಕವನ್ನು ನಿಲ್ಲಿಸುವವರು ಮೋಸಹೋಗುವರು. 36 ವೋಲ್ಟ್, 5 ಆಂಪಿಯರ್ ಗಂಟೆಯ ಬ್ಯಾಟರಿಯೊಂದರಲ್ಲಿ ಹಿಡಿಯುವುದು 180 ವಾಟ್ ಗಂಟೆ. ಅಲಗಿಗೆ ತಲುಪುವುದು ಹೆಚ್ಚೆಂದರೆ 145. ಐದುನೂರು ಸಲ ತುಂಬಿ ಬರಿದುಮಾಡುವುದರೊಳಗೆ ಅದು ಮಾಡುವ ಒಟ್ಟು ಕೆಲಸವು 72 ಯೂನಿಟ್ಟಿನಷ್ಟು. ಅದರ ಬೆಲೆ 10,000 ರೂಪಾಯಿ ಎಂದಿಟ್ಟುಕೊಂಡರೆ ಯೂನಿಟ್ಟಿಗೆ ಸುಮಾರು 140 ರೂಪಾಯಿ ಬ್ಯಾಟರಿಯ ಸವೆತಕ್ಕೇ ಹೋಯಿತು! ವಿದ್ಯುತ್ತನ್ನು ಪುಕ್ಕಟೆಯಾಗಿ ಕೊಟ್ಟರೂ ಇದು ಪೆಟ್ರೋಲಿಗಿಂತ ತುಟ್ಟಿ. ಬ್ಯಾಟರಿಯು ಸಾವಿರ ಸಲ ಬಾಳಿದರೆ ಎರಡೂ ಸರಿಸಮನಾಗುವುವು. ಬೆಲೆಗಳು ಏರಿಳಿಯುವಂತಹವು, ವಾಚಕರು ತಮ್ಮ ಊರಿನ ಬೆಲೆಯನ್ನು ಹಾಕಿಕೊಂಡು ಇದೇ ಕ್ರಮದಲ್ಲಿ ಲೆಕ್ಕ ಮಾಡಬೇಕು. ಆದರೆ ಬ್ಯಾಟರಿಯನ್ನು ಇಂಧನದಂತೆಯೇ ಖರ್ಚಾಗುವ ವಸ್ತುವೆಂದು ಎಣಿಸದ ಲೆಕ್ಕವು ಲೆಕ್ಕವಲ್ಲ.

ಕಾಲದ ಲೆಕ್ಕವೂ ಇದೇ ದಿಕ್ಕಿನಲ್ಲಿದೆ. ದಟ್ಟವಾದ ಕಳೆಯಲ್ಲಿ ಯಂತ್ರವು 600 ವಾಟ್ ಸೆಳೆದರೆ ಮೇಲಿನ ಬ್ಯಾಟರಿಯು ಬರಿದಾಗಲು 18 ನಿಮಿಷ ಸಾಕು. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಸಮನಾಗಬೇಕಾದರೆ ಒಂಬತ್ತು ಹತ್ತು ಬ್ಯಾಟರಿಗಳು ಬೇಕು. ಲೀಟರ್ ಪೆಟ್ರೋಲಿನ ತೂಕವಾದರೋ ಮುಕ್ಕಾಲು ಕಿಲೋಗ್ರಾಂ. ನಾಲ್ಕೆಂಟು ಎಕರೆ ತೋಟವಿರುವವರಿಗೆ ಪೆಟ್ರೋಲ್ ಯಂತ್ರವೇ ಅನುಕೂಲವೆಂದು ನಾವು ಹೇಳುವುದು ಈ ಕಾರಣದಿಂದ; ಅದರಲ್ಲಿಯೂ ಬೆಲೆ ತುಸು ಹೆಚ್ಚಾದರೂ ನಾಲ್ಕು ಹೊಡೆತದ್ದನ್ನೇ ಆರಿಸುವುದು ಲೇಸು.

ಆದರೆ ಈ ಲೆಕ್ಕದಲ್ಲಿ ಸೇರದ ಒಬ್ಬನಿದ್ದಾನೆ. ಯಂತ್ರವನ್ನು ಕೊಳ್ಳುವವನು ಒಬ್ಬ, ಹೆಗಲಿಗೆ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ನಿಲ್ಲುವವನು ಮತ್ತೊಬ್ಬ. ಎರಡು ಹೊಡೆತದ ಯಂತ್ರದ ಶಬ್ದವು ಅದನ್ನು ಹಿಡಿದವನ ಕಿವಿಗೆ 95 ಡೆಸಿಬೆಲ್ಲನ್ನು ಮೀರುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ನಿಯಮದಂತೆ 85 ಡೆಸಿಬೆಲ್ಲಿನಲ್ಲಿ ಎಂಟು ಗಂಟೆ ಕೆಲಸ ಮಾಡಬಹುದು. ಮೂರು ಡೆಸಿಬೆಲ್ ಏರಿದಂತೆಲ್ಲ ಅವಧಿಯು ಅರ್ಧವಾಗುತ್ತದೆ. 97ಕ್ಕೆ ಏರಿದರೆ ಕಿವಿಯನ್ನು ಮುಚ್ಚಿಕೊಳ್ಳದೆ ಅರ್ಧ ಗಂಟೆಗಿಂತ ಹೆಚ್ಚು ಇರತಕ್ಕದ್ದಲ್ಲ. ನಮ್ಮ ತೋಟಗಳಲ್ಲಿ ಕಿವಿಗೆ ಹತ್ತಿಯನ್ನಾದರೂ ಇಟ್ಟುಕೊಂಡವರನ್ನು ಕಾಣುವುದು ಅಪರೂಪ, ಹತ್ತಿಯಿಂದ ಆಗುವ ಪ್ರಯೋಜನವೂ ಅತ್ಯಲ್ಪ. ಕಂಪನದ ಪರಿಣಾಮವು ಇನ್ನೂ ಮೆಲ್ಲನೆಯದು: ವರ್ಷಗಳು ಕಳೆದಂತೆ ಬೆರಳುಗಳು ಜೋಮು ಹಿಡಿದು, ಬಿಳಿಚಿಕೊಂಡು, ಗುಂಡಿ ಹಾಕಿಕೊಳ್ಳುವುದೂ ಕಷ್ಟವಾಗುತ್ತದೆ. ವಿದ್ಯುತ್ ಯಂತ್ರದ ನಿಜವಾದ ಹೆಚ್ಚುಗಾರಿಕೆಯು ಇಲ್ಲಿದೆಯೇ ಹೊರತು ಅಗ್ಗದ ಕರೆಂಟಿನಲ್ಲಿಲ್ಲ. ಅದರಲ್ಲಿ ಹೊಗೆಯಿಲ್ಲ, ಶಬ್ದವೂ ನಡುಕವೂ ಸಾಮಾನ್ಯವಾಗಿ ಕಡಿಮೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತವು 2021ರಲ್ಲಿ ಕಾನೂನು ಮಾಡಿ, 2024ರಿಂದ ಇಂತಹ ಸಣ್ಣ ಪೆಟ್ರೋಲ್ ಯಂತ್ರಗಳ ಹೊಸ ಮಾರಾಟಕ್ಕೆ ಹೊಗೆಯ ಕಾರಣದಿಂದಲೇ ತಡೆಯೊಡ್ಡಿತು. ಪೆಟ್ರೋಲ್ ಯಂತ್ರವನ್ನು ಕೊಳ್ಳುವ ತೋಟದ ಯಜಮಾನರು ಕಿವಿಮುಚ್ಚುಗ, ಕನ್ನಡಕ, ದಪ್ಪ ಕೈಚೀಲ, ಎರಡು ಹೆಗಲಿಗೂ ಭಾರ ಹಂಚುವ ಪಟ್ಟಿ ಇವುಗಳ ಬೆಲೆಯನ್ನೂ ಯಂತ್ರದ ಬೆಲೆಗೇ ಸೇರಿಸಿಕೊಳ್ಳಬೇಕು. ಗಂಟೆಗೊಮ್ಮೆ ಆಳನ್ನು ಬದಲಾಯಿಸಬೇಕು.

ಯಾವ ಯಂತ್ರವಾದರೂ ಮರದ ಬುಡದಲ್ಲಿ ದಾರವನ್ನು ಬೀಸದಿರುವುದು ಮುಖ್ಯ. ಮಾವು ಹಲಸುಗಳಂತೆ ತೆಂಗು ತನ್ನ ಕಾಂಡದ ಗಾಯವನ್ನು ಹೊಸ ತೊಗಟೆಯಿಂದ ಮುಚ್ಚಿಕೊಳ್ಳಲಾರದು. ಒಮ್ಮೆ ಬಿದ್ದ ಗಾಯವು ಮರವಿರುವವರೆಗೂ ಉಳಿಯುವುದು. ಕಾಂಡದಲ್ಲಿ ರಸ ಸೋರುವ ರೋಗದ ಶಿಲೀಂಧ್ರಕ್ಕೆ ಇಂತಹ ಗಾಯವೇ ಬಾಗಿಲು. ಬುಡದಿಂದ ಒಂದು ಮೊಳ ಸುತ್ತಳತೆಯನ್ನು ಕುಡುಗೋಲಿಗೇ ಬಿಡುವುದು ಕ್ಷೇಮ. ಹನಿ ಕೊಳವೆಗಳನ್ನು ಮೊದಲೇ ಸುರುಳಿ ಸುತ್ತಿ ಮರಕ್ಕೆ ಒರಗಿಸದಿದ್ದರೆ ಕಳೆಗಿಂತ ಮೊದಲು ಅವೇ ತುಂಡಾಗುವುವು. ಹಸುವಿಗೆ ಹಾಕುವ ಹುಲ್ಲಾದರೆ ದಾರವನ್ನು ತೆಗೆದು ಅಲಗನ್ನು ತೊಡಿಸಬೇಕು. ದಾರವು ಹುಲ್ಲನ್ನು ಚಿಂದಿಮಾಡಿ ಮಣ್ಣಿನೊಡನೆ ಕಲಸಿಬಿಡುತ್ತದೆ, ಅಂತಹುದನ್ನು ಹಸು ಮೂಸಿ ನೋಡಿ ಬಿಡುವುದು.

ಡಿಸೆಂಬರಿನಿಂದ ಏಪ್ರಿಲಿನವರೆಗೆ ಈ ಸೀಮೆಯಲ್ಲಿ ಯಂತ್ರಕ್ಕೆ ಹೆಚ್ಚು ಕೆಲಸವಿಲ್ಲ. ಈ ಬಿಡುವೇ ಅನೇಕ ಯಂತ್ರಗಳಿಗೆ ಮೃತ್ಯು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲ್ ಬೆರೆತಿರುವುದರಿಂದ ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ತೊಟ್ಟಿಯಲ್ಲಿಯೇ ನಿಂತರೆ ಕಾರ್ಬುರೇಟರಿನಲ್ಲಿ ಅಂಟು ಕಟ್ಟುವುದು, ರಬ್ಬರಿನ ಭಾಗಗಳು ಕೆಡುವುವು. ತೊಟ್ಟಿಯನ್ನು ಬರಿದುಮಾಡಿ, ಯಂತ್ರವು ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಬರಿದುಮಾಡಿಯೂ ಇಡಬಾರದು. ಅರ್ಧದಷ್ಟು ತುಂಬಿ ಮನೆಯ ತಂಪಾದ ಕೋಣೆಯಲ್ಲಿರಿಸಬೇಕು. ತಗಡಿನ ಪಂಪುಮನೆಯ ಬೇಸಗೆಯ ಕಾವು ಅದರ ಆಯುಸ್ಸನ್ನು ಬೇಗನೆ ತಿನ್ನುವುದು.

ಮನೆಯ ಅಂಗಳ, ಶಾಲೆಯ ಮೈದಾನದ ಅಂಚು, ಆಸ್ಪತ್ರೆಯ ಆವರಣ, ಕಾಲೆಕರೆಯ ಹಿತ್ತಿಲು ಇಂತಹ ಕಡೆಗಳಲ್ಲಿ ನಾವು ಬ್ಯಾಟರಿಯ ಯಂತ್ರವನ್ನೇ ಸೂಚಿಸುತ್ತೇವೆ. ಅಲ್ಲಿ ಯೂನಿಟ್ಟಿನ ಲೆಕ್ಕಕ್ಕಿಂತ ನೆಮ್ಮದಿಯ ಲೆಕ್ಕ ದೊಡ್ಡದು. ಒಂದೆರಡು ಬ್ಯಾಟರಿಯಲ್ಲಿ ಕೆಲಸ ಮುಗಿಯುವುದು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಳೇಬೀಡು ಬೇಲೂರುಗಳ ದೇವಾಲಯಗಳಂತಹ ಸ್ಥಳಗಳಲ್ಲಿ ಇನ್ನೊಂದು ಎಚ್ಚರಿಕೆಯೂ ಅವಶ್ಯ. ದಾರದ ಹೊಡೆತಕ್ಕೆ ಸಿಡಿಯುವ ಹರಳಿಗೆ ಬಳಪದ ಕಲ್ಲಿನ ಶಿಲ್ಪವೂ ಒಂದೇ, ನೋಡುವವನ ಕಣ್ಣೂ ಒಂದೇ. ಜಗತಿಯ ಸುತ್ತ ನಾಲ್ಕಾರು ಮಾರಿನವರೆಗೆ ಎರಡು ಬಗೆಯ ಯಂತ್ರಗಳನ್ನೂ ದೂರವಿರಿಸಿ ಕೈಗತ್ತರಿಯಿಂದ ಸವರುವುದೇ ಸರಿ.

ಒಂದೆರಡು ಎಕರೆಯ ಚಿಕ್ಕ ತೋಟದವರು ಯಂತ್ರವನ್ನು ಕೊಳ್ಳುವುದರಿಂದ ಲಾಭವಿದೆಯೇ ಎಂಬುದು ಸಂಶಯಾಸ್ಪದ. ವರ್ಷಕ್ಕೆ ಮೂರು ನಾಲ್ಕು ಸಲದ ಕೆಲಸಕ್ಕೆ ನೆರೆಹೊರೆಯ ನಾಲ್ವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು, ಇಲ್ಲವೇ ಬಾಡಿಗೆಗೆ ತರಬಹುದು. ಕಾಂಗ್ರೆಸ್ ಗಿಡವು ಹೂ ಬಿಡುವ ಮುನ್ನವೇ ಹೊಡೆದರೆ ಆ ಸಲಗಳಲ್ಲಿಯೂ ಒಂದು ಉಳಿಯುವುದು.