ಕೆಂಪು ಗೆರೆಯ ಮುಂದಿನ ಬೂದು ಗೆರೆ

ಸಕಲೇಶಪುರ ದಾಟಿದ ರೈಲು ಘಟ್ಟ ಇಳಿಯುತ್ತಿತ್ತು. ಎದುರು ಸೀಟಿನಲ್ಲಿ ಅಕ್ಕನ ಮಗಳು ಕಾಲು ಮಡಚಿ ಕೂತು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದಳು. ಕಿಟಕಿಯಾಚೆ ಆಷಾಢದ ಮಳೆ ಹುಯ್ಯುತ್ತಿದ್ದರೂ ಅವಳ ಕಣ್ಣು ಪರದೆ ಬಿಟ್ಟು ಕದಲಿರಲಿಲ್ಲ. ಸುರಂಗ ಬಂತು, ಬೋಗಿ ಕತ್ತಲಾಯಿತು, ಪರದೆಯ ಮೇಲಂಚಿನ ಸಿಗ್ನಲ್ ಕಡ್ಡಿಗಳು ಮಾಯವಾದವು. ಸಿನಿಮಾ ಓಡುತ್ತಲೇ ಇತ್ತು. ಮುಂದಿನ ಸುರಂಗದಲ್ಲೂ ಹಾಗೇ. ಅದರಾಚೆಯದು ಉದ್ದದ್ದು. ಅದರ ನಡುವೆ, ನಾಯಕ ಏನೋ ಹೇಳಲು ಬಾಯಿ ತೆರೆದಲ್ಲಿಗೇ ಚಿತ್ರ ನಿಂತು ಬಿಳಿ ಚಕ್ರ ತಿರುಗತೊಡಗಿತು. "ಮಾಮ, ಹಾಗಾದ್ರೆ ಆ ಎರಡು ಸುರಂಗದಲ್ಲಿ ಹೇಗೆ ಬಂತು?" ಎಂದು ಕೇಳಿದಳು.

ಸಿನಿಮಾ ಯಾಕೆ ನಿಂತಿತು ಎಂದು ಎಲ್ಲರೂ ಕೇಳುತ್ತಾರೆ. ಸಿಗ್ನಲ್ಲೇ ಇಲ್ಲದಾಗ ಅಷ್ಟು ಹೊತ್ತು ಹೇಗೆ ಓಡಿತು ಎಂಬ ಅವಳ ಪ್ರಶ್ನೆ ಅದಕ್ಕಿಂತ ಒಳ್ಳೆಯದು. ಉತ್ತರ ಪರದೆಯ ಕೆಳಗೇ ಇತ್ತು. ನೋಡಿ ಮುಗಿಸಿದ ಭಾಗವನ್ನು ತೋರಿಸುವ ಕೆಂಪು ಗೆರೆಯ ಮುಂದೆ ತೆಳ್ಳನೆಯ ಬೂದು ಗೆರೆಯೊಂದು ಇರುತ್ತದೆ. ಮೊಬೈಲಿನೊಳಗೆ ಬಂದು ಸೇರಿರುವ, ನಾವಿನ್ನೂ ನೋಡದಿರುವ ಸಿನಿಮಾ ಅದು. ಅದರ ಹೆಸರೇ ಬಫರ್. ಚಕ್ರ ತಿರುಗುವಾಗ "ಬಫರಿಂಗ್ ಆಗ್ತಿದೆ" ಎಂದು ಬೈದುಕೊಳ್ಳುತ್ತೇವಲ್ಲ, ಪಾಪ, ಬಫರ್ ಬರಿದಾದಾಗಲಷ್ಟೇ ಅದರ ಹೆಸರು ನಮ್ಮ ಬಾಯಿಗೆ ಬರುತ್ತದೆ. ತುಂಬಿರುವಷ್ಟು ಹೊತ್ತು ಯಾರೂ ನೆನೆಯುವುದಿಲ್ಲ.

ದಿನ ಬಿಟ್ಟು ದಿನ ಕಾವೇರಿ ನೀರು ಬರುವ ಬಡಾವಣೆಯಲ್ಲಿ ಮನೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀದಿಯ ಪೈಪಿನಲ್ಲಿ ನೀರು ಯಾವಾಗ ಬರುತ್ತದೆ, ಎಷ್ಟು ರಭಸವಾಗಿ ಬರುತ್ತದೆ ಎನ್ನುವುದು ನಮ್ಮ ಕೈಯಲ್ಲಿಲ್ಲ. ಬಚ್ಚಲಿನ ನಲ್ಲಿಗೆ ಮಾತ್ರ ಯಾವ ಹೊತ್ತಿನಲ್ಲಾದರೂ ಒಂದೇ ಸಮ ನೀರು ಬೇಕು. ನಡುವೆ ಸಂಪು ಇರುವುದರಿಂದ ಸಂಸಾರ ನಡೆಯುತ್ತದೆ. ನೆಟ್‌ವರ್ಕ್ ಆ ಪೈಪಿನಂತೆ, ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಕಣ್ಣಿಗೆ ಸೆಕೆಂಡಿಗೆ 25 ಚಿತ್ರ ತಪ್ಪದೆ ಬೇಕು.

ಆ 25 ಚಿತ್ರಗಳ ತೂಕವೇನು ಎಂದು ಒಮ್ಮೆ ಲೆಕ್ಕ ಹಾಕಿ. ಫುಲ್ ಎಚ್‌ಡಿ ಚಿತ್ರವೊಂದರಲ್ಲಿ 1920 ಅಡ್ಡ, 1080 ಉದ್ದ, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು. ಚುಕ್ಕೆಗೆ ಮೂರು ಬೈಟ್ ಹಿಡಿದರೆ ಒಂದು ಚಿತ್ರಕ್ಕೆ ಆರು ಮೆಗಾಬೈಟು, ಸೆಕೆಂಡಿಗೆ 155 ಮೆಗಾಬೈಟು. ಯಾವ ಮೊಬೈಲ್ ಟವರೂ ಇದನ್ನು ಮನೆಮನೆಗೆ ಹೊತ್ತು ತರಲಾರದು. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಅಷ್ಟನ್ನೇ ಬರೆದಿಡುವ ಸಂಕುಚನ ವಿಧಾನಗಳು ಅದನ್ನು ಸೆಕೆಂಡಿಗೆ ಐದು ಮೆಗಾಬಿಟ್‌ಗೆ, ಅಂದರೆ ಇನ್ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಸುತ್ತವೆ. ಇದಕ್ಕೊಂದು ಬೆಲೆ ಇದೆ. ಇಬ್ಬರು ಕೂತು ಮಾತಾಡುವ ದೃಶ್ಯ ಹಗುರಾಗಿ ಮುದುಡುತ್ತದೆ, ಮಳೆಯಲ್ಲಿ ನಡೆಯುವ ಹೊಡೆದಾಟ ಮುದುಡುವುದಿಲ್ಲ. ಹಾಗಾಗಿ ಪೈಪಿನಂತೆಯೇ ನಲ್ಲಿಯ ಖರ್ಚೂ ಏರಿಳಿಯುತ್ತದೆ. ಸಿನಿಮಾ ಸರಿಯಾಗಿ ಹೊಡೆದಾಟದ ನಡುವೆಯೇ ನಿಲ್ಲುತ್ತದೆ ಎಂದು ಅನ್ನಿಸುವುದರಲ್ಲಿ ಸ್ವಲ್ಪ ನಿಜವೂ ಇದೆ.

ಮೊದಲೆಲ್ಲ ಸಿನಿಮಾ ಒಂದೇ ಕಡತವಾಗಿ, ಒಂದೇ ಗುಣಮಟ್ಟದಲ್ಲಿ ಇಳಿಯುತ್ತಿತ್ತು. 256 ಕೆಬಿಪಿಎಸ್ ಬ್ರಾಡ್‌ಬ್ಯಾಂಡಿನ ಕಾಲದಲ್ಲಿ ವಿಡಿಯೋ ಹಚ್ಚಿ, ಕೂಡಲೇ ಪಾಜ್ ಒತ್ತಿ, ಊಟ ಮುಗಿಸಿ ಬಂದು ನೋಡುತ್ತಿದ್ದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಷ್ಟರಲ್ಲಿ ಬೂದು ಗೆರೆ ಕೊನೆ ಮುಟ್ಟಿರುತ್ತಿತ್ತು. ಈಗ ಎಷ್ಟು ಹೊತ್ತು ಪಾಜ್ ಮಾಡಿಟ್ಟರೂ ಆ ಗೆರೆ ಸ್ವಲ್ಪ ಮುಂದೆ ಹೋಗಿ ನಿಂತುಬಿಡುತ್ತದೆ. ಏಕೆಂದರೆ ವ್ಯವಸ್ಥೆಯೇ ಬದಲಾಗಿದೆ. 2009ರಲ್ಲಿ ಆಪಲ್ ತಂದ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದ ಡ್ಯಾಶ್, ಎರಡೂ ಸಿನಿಮಾವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸುತ್ತವೆ. ಒಂದೊಂದು ತುಣುಕನ್ನೂ ಮಸುಕಿನಿಂದ ಹಿಡಿದು ನಿಚ್ಚಳದವರೆಗೆ ಹಲವು ದರ್ಜೆಗಳಲ್ಲಿ ಸಿದ್ಧ ಮಾಡಿಡುತ್ತವೆ. ಮುಂದಿನ ತುಣುಕು ಯಾವ ದರ್ಜೆಯದು ಬೇಕು ಎಂದು ತೀರ್ಮಾನಿಸುವುದು ದೂರದ ಸರ್ವರ್ ಅಲ್ಲ, ನಮ್ಮ ಕೈಯಲ್ಲಿರುವ ಪ್ಲೇಯರ್. ಎರಡು ಗಂಟೆಯ ಸಿನಿಮಾ ನಾಲ್ಕು ಸೆಕೆಂಡಿನ ತುಣುಕುಗಳಾದರೆ 1800 ಸಲ ಈ ತೀರ್ಮಾನ ಆಗಬೇಕು.

ಹೇಗೆ ತೀರ್ಮಾನಿಸಬೇಕು? ಯಾರಿಗಾದರೂ ಮೊದಲು ಹೊಳೆಯುವುದು ಪೈಪಿನ ರಭಸ ಅಳೆಯುವ ದಾರಿ. ಹಿಂದಿನ ತುಣುಕು ಎಷ್ಟು ಬೇಗ ಬಂತು ನೋಡು, ಅದಕ್ಕೆ ಹೊಂದುವ ದರ್ಜೆ ಕೇಳು. ಬಹುಕಾಲ ಪ್ಲೇಯರುಗಳು ಮಾಡುತ್ತಿದ್ದುದು ಇದನ್ನೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ತೆ-ಯುವಾನ್ ಹುವಾಂಗ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2012ರಲ್ಲಿ ಈ ಅಳತೆಯಲ್ಲೇ ಇರುವ ಮೋಸವನ್ನು ತೋರಿಸಿಕೊಟ್ಟರು. ಅವರು ಕಂಡದ್ದು ಇದು: ಬಫರ್ ತುಂಬಿದ ಮೇಲೆ ಪ್ಲೇಯರ್ ಬಿಡುವು ಕೊಟ್ಟು ಬಿಡುವು ಕೊಟ್ಟು ಒಂದೊಂದೇ ತುಣುಕು ತರಿಸಿಕೊಳ್ಳುತ್ತದೆ. ಇಂಟರ್‌ನೆಟ್ಟಿನ ಸಂಚಾರ ನಿಯಮದ ಪ್ರಕಾರ ಬಿಡುವಿನ ಬಳಿಕ ಹೊರಡುವ ಪ್ರತಿಯೊಂದು ತುಣುಕೂ ಮೆಲ್ಲಗೆ ಹೊರಟು ಆಮೇಲೆ ವೇಗ ಪಡೆಯಬೇಕು. ಅದೇ ಹೊತ್ತಿಗೆ ಮನೆಯ ಇನ್ನೊಬ್ಬರು ಅದೇ ವೈಫೈಯಲ್ಲಿ ದೊಡ್ಡ ಕಡತವೊಂದನ್ನು ಎಡೆಬಿಡದೆ ಇಳಿಸಿಕೊಳ್ಳುತ್ತಿದ್ದರೆ, ವೇಗ ಹಿಡಿಯುವುದರೊಳಗೆ ತುಣುಕೇ ಮುಗಿದಿರುತ್ತದೆ. ಲೈನು ಬಡಕಲು ಎಂದುಕೊಂಡ ಪ್ಲೇಯರ್ ದರ್ಜೆ ಇಳಿಸುತ್ತದೆ. ಕೆಳದರ್ಜೆಯ ತುಣುಕು ಇನ್ನೂ ಚಿಕ್ಕದು, ಅದು ವೇಗ ಹಿಡಿಯುವುದು ಇನ್ನೂ ಕಷ್ಟ, ಅಳತೆ ಇನ್ನೂ ಕಡಿಮೆ ಬರುತ್ತದೆ. ಹೀಗೆ ಇಳಿದಿಳಿದು, ಲೈನಿನಲ್ಲಿ ಅರ್ಧದಷ್ಟು ಪಾಲು ತನಗೆ ಸಿಗುವಂತಿದ್ದರೂ ತೀರಾ ಮಸುಕು ಚಿತ್ರಕ್ಕೆ ಬಂದು ನಿಲ್ಲುತ್ತದೆ. ತನ್ನ ಬಳಿ ತುಂಬಿದ ಸಂಪು ಇದೆ ಎನ್ನುವುದನ್ನು ಅದು ನೋಡಿಕೊಳ್ಳುವುದೇ ಇಲ್ಲ.

ಎರಡು ವರ್ಷದ ಬಳಿಕ, 2014ರಲ್ಲಿ, ಹುವಾಂಗ್, ರಮೇಶ್ ಜೋಹರಿ, ನಿಕ್ ಮೆಕ್ಯೂನ್ ಮತ್ತು ನೆಟ್‌ಫ್ಲಿಕ್ಸಿನ ಎಂಜಿನಿಯರುಗಳು ಸೇರಿ ಮುಂದಿಟ್ಟ ಪರಿಹಾರ ನನಗೆ ಬಲು ಇಷ್ಟ. ಪೈಪನ್ನು ಅಳೆಯಲು ಹೋಗಬೇಡ, ಸಂಪಿನಲ್ಲಿ ಎಷ್ಟಿದೆ ನೋಡು ಎಂದರು ಅವರು. ಕಡ್ಡಿ ಇಳಿಸಿ ನೀರಿನ ಮಟ್ಟ ನೋಡಿದ ಹಾಗೆ. ಅವರು ಬಳಸಿದ ಪ್ಲೇಯರಿನ ಬಫರ್ 240 ಸೆಕೆಂಡಿನದು. ಮೊದಲ 90 ಸೆಕೆಂಡಿನ ಸಂಗ್ರಹಕ್ಕೆ ಅವರು ಇಟ್ಟ ಹೆಸರೇ ಜಲಾಶಯ. ಮಟ್ಟ ಅದಕ್ಕಿಂತ ಕೆಳಗಿದ್ದರೆ ಎರಡನೆಯ ಮಾತಿಲ್ಲ, ಎಲ್ಲಕ್ಕಿಂತ ಹಗುರಾದ ದರ್ಜೆ. ಮಟ್ಟ ಏರಿದಂತೆಲ್ಲ ದರ್ಜೆಯೂ ಒಂದೊಂದೇ ಮೆಟ್ಟಿಲು ಏರುತ್ತದೆ. ತುಂಬುತ್ತ ಬಂದಾಗ ಎಲ್ಲಕ್ಕಿಂತ ಒಳ್ಳೆಯದು. ಲೈನಿನ ವೇಗ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ವೇಗ ಕುಸಿದರೆ ಮಟ್ಟ ತಾನಾಗಿ ಇಳಿಯುತ್ತದೆ, ಮಟ್ಟ ಇಳಿದರೆ ಬೇಡಿಕೆಯೂ ಇಳಿಯುತ್ತದೆ. ನಿಜವಾದ ವೀಕ್ಷಕರ ಮೇಲೇ ಪರೀಕ್ಷಿಸಿದಾಗ, ನೆಟ್‌ಫ್ಲಿಕ್ಸಿನಲ್ಲಿ ಆಗ ಇದ್ದ ಕ್ರಮಕ್ಕಿಂತ ಸಿನಿಮಾ ನಿಲ್ಲುವ ಪ್ರಮಾಣ ಶೇ. 10ರಿಂದ 20ರಷ್ಟು ತಗ್ಗಿತು. ಚಿತ್ರದ ಸರಾಸರಿ ಗುಣಮಟ್ಟ ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯಿತು.

ಒಂದು ಕಡೆ ಮಾತ್ರ ಈ ಉಪಾಯ ಎಡವಿತು. ಸಿನಿಮಾ ಶುರುವಾದಾಗ ಸಂಪು ಖಾಲಿ, ಮಟ್ಟ ನೋಡಿ ತಿಳಿಯುವಂಥದ್ದು ಏನೂ ಇಲ್ಲ. ಬರೀ ಮಟ್ಟವನ್ನೇ ನಂಬಿದರೆ ಒಳ್ಳೆಯ ಲೈನಿನಲ್ಲೂ ಬಹಳ ಹೊತ್ತು ಮಸುಕನ್ನೇ ನೋಡಬೇಕಾಗುತ್ತದೆ. ಹಾಗಾಗಿ ಆರಂಭದ ಆ ಹೊತ್ತಿಗಷ್ಟೇ ವೇಗದ ಅಳತೆಯನ್ನು ಮತ್ತೆ ಒಳಗೆ ಬಿಟ್ಟುಕೊಂಡರು. ಮುಂದೆ ಇದಕ್ಕಿಂತ ಜಾಣ ವಿಧಾನಗಳು, ಯಂತ್ರಕಲಿಕೆಯ ಪ್ಲೇಯರುಗಳು ಬಂದವು. ಸ್ಟ್ಯಾನ್‌ಫರ್ಡಿನಲ್ಲೇ ಪಫರ್ ಎಂಬ ಹೆಸರಿನಲ್ಲಿ ಅಮೆರಿಕದ ಟೀವಿ ಚಾನೆಲ್‌ಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ತೋರಿಸಿ ಇವನ್ನೆಲ್ಲ ಹೋಲಿಸಿ ನೋಡಿದವರು 2020ರಲ್ಲಿ ವರದಿ ಮಾಡಿದ್ದರಲ್ಲಿ ಒಂದು ಅಂಶವೆಂದರೆ, ಮಟ್ಟ ನೋಡಿ ನಡೆಯುವ ಆ ಸರಳ ಕ್ರಮವೇ ನಿಜವಾದ ನೆಟ್‌ವರ್ಕಿನಲ್ಲಿ ಅಚ್ಚರಿಯಾಗುವಷ್ಟು ಚೆನ್ನಾಗಿ ನಡೆಯಿತು.

ಇಷ್ಟೆಲ್ಲ ಹೆಣಗಾಟ ಏಕೆ ಎಂದರೆ ನಮ್ಮ ತಾಳ್ಮೆ ಅಷ್ಟು ತೆಳ್ಳಗಿದೆ. 2012ರಲ್ಲಿ ಎಸ್. ಷಣ್ಮುಗ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ 67 ಲಕ್ಷ ಜನರ 2.3 ಕೋಟಿ ವೀಕ್ಷಣೆಗಳನ್ನು ಜಾಲಾಡಿದರು. ವಿಡಿಯೋ ಶುರುವಾಗಲು ಎರಡು ಸೆಕೆಂಡಿಗಿಂತ ತಡವಾದರೆ ಜನ ಎದ್ದುಹೋಗಲು ತೊಡಗುತ್ತಾರೆ, ಆಮೇಲಿನ ಒಂದೊಂದು ಸೆಕೆಂಡಿಗೂ ಸುಮಾರು ಶೇ. 5.8ರಷ್ಟು ಹೆಚ್ಚು ಮಂದಿ. ವಿಡಿಯೋದ ಉದ್ದದ ನೂರರಲ್ಲಿ ಒಂದು ಪಾಲಿನಷ್ಟು ಹೊತ್ತು ತಡೆ ಕಂಡವರು ನೋಡುವುದೇ ಶೇ. 5ರಷ್ಟು ಕಡಿಮೆ.

ಹಾಗಿದ್ದರೆ ಸಂಪನ್ನೇ ದೊಡ್ಡದು ಮಾಡಬಹುದಲ್ಲ? ಇಡೀ ಸಿನಿಮಾ ಸರ್ವರಿನಲ್ಲಿ ಸಿದ್ಧವಾಗಿ ಕೂತಿದೆ, ಕ್ರಿಕೆಟ್ ನೇರಪ್ರಸಾರದಂತೆ ಇನ್ನೂ ನಡೆಯಬೇಕಾದ್ದೇನಲ್ಲ. ಆದರೆ ಸೆಕೆಂಡಿಗೆ ಐದು ಮೆಗಾಬಿಟ್ ಹಿಡಿದರೆ 240 ಸೆಕೆಂಡಿಗೆ 150 ಮೆಗಾಬೈಟು. ಹತ್ತು ನಿಮಿಷ ನೋಡಿ ಬೇಸರವಾಗಿ ಮುಚ್ಚಿದರೆ ಅದಿಷ್ಟೂ ಚರಂಡಿಗೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸಿಕೊಂಡವರಿಗೆ ಅದು ದಿನದ ಹತ್ತನೇ ಒಂದು ಭಾಗ. ಈ ಲೆಕ್ಕ ನೋಡಿಯೇ ಮೊಬೈಲಿನ ಪ್ಲೇಯರುಗಳು ಕೈ ಹಿಡಿದು ಖರ್ಚು ಮಾಡುತ್ತವೆ. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಾಗುವ ಎಕ್ಸೋಪ್ಲೇಯರ್, ಆ್ಯಪ್ ಮಾಡಿದವರು ತಿದ್ದದೆ ಬಿಟ್ಟರೆ, ಬಹುಕಾಲದಿಂದ ತುಂಬಿಟ್ಟುಕೊಳ್ಳುವುದು 50 ಸೆಕೆಂಡಿನಷ್ಟು ಮಾತ್ರ.

ನಗರದ ಬಸ್ಸಿನಲ್ಲಿ ಐವತ್ತು ಸೆಕೆಂಡು ಸಾಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಟ್ಟದಲ್ಲಿ 57 ಸುರಂಗಗಳಿವೆ, ರೈಲು ಗಂಟೆಗೆ ಸುಮಾರು 30 ಕಿಲೋಮೀಟರಿನಲ್ಲಿ ತೆವಳುತ್ತದೆ. ಆ ವೇಗದಲ್ಲಿ ಅರ್ಧ ಕಿಲೋಮೀಟರ್ ಸುರಂಗವೆಂದರೆ ಒಂದು ನಿಮಿಷ. ಚಿಕ್ಕ ಸುರಂಗದ ಕತ್ತಲೆಯನ್ನು ಬೂದು ಗೆರೆ ದಾಟಿಸುತ್ತದೆ, ದೊಡ್ಡದರಲ್ಲಿ ಬಾಗಿಲು ಕಾಣುವ ಹೊತ್ತಿಗೆ ಮುಗಿದುಹೋಗುತ್ತದೆ. ಈ ದಾರಿಯಲ್ಲಿ ಎದುರಿಗೆ ಏನಿದೆ ಎಂದು ಪ್ರಯಾಣಿಕರಿಗೆಲ್ಲ ಗೊತ್ತು, ಪ್ಲೇಯರಿಗೆ ಗೊತ್ತಿಲ್ಲ. "ಮುಂದೆ ಸುರಂಗವಿದೆ, ಜಾಸ್ತಿ ತುಂಬಿಸಿಕೋ" ಎಂದು ಹೇಳಲು ಒಂದು ಗುಂಡಿಯಾದರೂ ಇರಬೇಕಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಸದ್ಯಕ್ಕಿರುವುದು ಮನೆಯಲ್ಲೇ ಇಡೀ ಸಿನಿಮಾ ಡೌನ್‌ಲೋಡ್ ಮಾಡಿಕೊಂಡು ಹೊರಡುವ ದಾರಿ.

ಎಡಕುಮೇರಿ ದಾಟುವಷ್ಟರಲ್ಲಿ ಹುಡುಗಿ ಮೊಬೈಲ್ ಮಡಿಲಲ್ಲಿಟ್ಟು ಕಿಟಕಿಗೆ ಮುಖವೊತ್ತಿದ್ದಳು. ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಎರಡು ಕಡ್ಡಿ ಸಿಗ್ನಲ್ ಬಂತು. ಬಾಯಿ ತೆರೆದು ನಿಂತಿದ್ದ ನಾಯಕ ಮಾತು ಮುಗಿಸಿದ, ಆದರೆ ಮುಖವೆಲ್ಲ ಮಂಜುಮಂಜು. "ಸಂಪು ಖಾಲಿ ಅಲ್ವಾ, ಅದಕ್ಕೇ," ಎಂದಳು, ಪರದೆಯ ಕೆಳಗೆ ಬೆರಳಿಟ್ಟು. ಬೂದು ಗೆರೆ ಕೆಂಪನ್ನು ಬಿಟ್ಟು ಕೂದಲೆಳೆಯಷ್ಟು ಮುಂದೆ ಸರಿಯಿತು, ಇನ್ನಷ್ಟು ಸರಿಯಿತು. ರೈಲು ಹೊರಟಿತು. ನಾಯಕನ ಅಂಗಿಯ ಚೌಕಳಿ ಒಂದೊಂದಾಗಿ ಕಾಣಿಸಿಕೊಳ್ಳತೊಡಗಿತು.