ಗಂಟುಮೂಟೆ ಬಿಚ್ಚದ ತಲೆಮಾರಿನ ಊರು

ಪೋಲೆಂಡಿನ ನೈರುತ್ಯ ಭಾಗದಲ್ಲಿ, ಒದ್ರಾ ನದಿ ಹಲವು ಕವಲುಗಳಾಗಿ ಹರಿಯುವ ಬಯಲಿನಲ್ಲಿ ಹಬ್ಬಿರುವ ವ್ರೊತ್ಸ್ವಾಫ್ ನಗರವು ಬೆಂಗಳೂರಿನ ಲೆಕ್ಕದಲ್ಲಿ ದೊಡ್ಡ ಊರೇನಲ್ಲ. ಸರ್ಕಾರಿ ದಾಖಲೆಯಂತೆ ಅದರ ಜನಸಂಖ್ಯೆ ಏಳು ಲಕ್ಷವನ್ನು ಮುಟ್ಟುವುದಿಲ್ಲ. ಆದರೆ ಸುತ್ತಲಿನ ಎಲೆಕ್ಟ್ರಾನಿಕ್ಸ್ ಮತ್ತು ಬ್ಯಾಟರಿ ಕಾರ್ಖಾನೆಗಳು, ದೂರದೇಶಗಳ ಬ್ಯಾಂಕುಗಳ ಲೆಕ್ಕಪತ್ರ ನೋಡಿಕೊಳ್ಳುವ ಸೇವಾಕೇಂದ್ರಗಳು, ಬೆಂಗಳೂರಿನಲ್ಲೂ ನೆಲೆಯಿರುವ ನೋಕಿಯಾದಂತಹ ಕಂಪನಿಗಳ ಸಂಶೋಧನಾ ವಿಭಾಗಗಳು ಮತ್ತು ಹಳೆಯ ವಿಶ್ವವಿದ್ಯಾಲಯಗಳು ಇಲ್ಲಿ ಒಟ್ಟಿಗೆ ಸೇರಿರುವುದರಿಂದ, ಒಂದು ವರ್ಷಕ್ಕೋ ಮೂರು ವರ್ಷಕ್ಕೋ ಎಂದು ಬಂದು ದುಡಿಯುವ ಹೊರದೇಶದವರು ಇಲ್ಲಿನ ಟ್ರಾಮ್‌ಗಳಲ್ಲಿ, ಕಚೇರಿಗಳಲ್ಲಿ, ಕಾರ್ಖಾನೆಗಳ ರಾತ್ರಿಪಾಳಿಗಳಲ್ಲಿ ದಿನವೂ ಕಾಣಸಿಗುತ್ತಾರೆ. ಅಂಥವರ ಬದುಕನ್ನು ಆಳುವ ಪೋಲಿಷ್ ಪದ ‘ಚಸೊವಿ’, ಅಂದರೆ ತಾತ್ಕಾಲಿಕ. ವಾಸದ ಪರವಾನಗಿಗೂ ವಿಳಾಸದ ನೋಂದಣಿಗೂ ಅದೇ ವಿಶೇಷಣ. ಈ ಪದವನ್ನು ಕಾನೂನಿನ ಪುಸ್ತಕದಿಂದಷ್ಟೇ ತಿಳಿಯಹೊರಟರೆ ಅರ್ಧ ಸಂಗತಿ ಮಾತ್ರ ಕೈಗೆ ಸಿಗುತ್ತದೆ. ಏಕೆಂದರೆ ಇಂದು ಈ ಊರಿನಲ್ಲಿ ಮನೆ ಬಾಡಿಗೆಗೆ ಕೊಡುವವರ ಅಜ್ಜ ಅಜ್ಜಿಯರೂ ಒಂದು ಕಾಲಕ್ಕೆ ಇಲ್ಲಿ ತಾತ್ಕಾಲಿಕವಾಗಿ ಇಳಿದುಕೊಂಡವರೇ ಆಗಿದ್ದರು.

1945ರವರೆಗೆ ಈ ಊರಿನ ಹೆಸರು ಬ್ರೆಸ್ಲಾವ್. ಎರಡನೆಯ ಮಹಾಯುದ್ಧಕ್ಕೆ ಮುಂಚೆ ಆರು ಲಕ್ಷಕ್ಕೂ ಹೆಚ್ಚು ಜನರಿದ್ದ, ಜರ್ಮನಿಯ ದೊಡ್ಡ ಪಟ್ಟಣಗಳಲ್ಲಿ ಒಂದಾಗಿದ್ದ ಊರು. ಹಿಟ್ಲರನ ಆಡಳಿತ ಅದನ್ನು ಕೊನೆಯವರೆಗೂ ಕಾಯಬೇಕಾದ ಕೋಟೆಯೆಂದು ಘೋಷಿಸಿದ್ದರಿಂದ, ಸೋವಿಯತ್ ಸೇನೆಯ ಸುಮಾರು ಮೂರು ತಿಂಗಳ ಮುತ್ತಿಗೆಯಲ್ಲಿ ಊರಿನ ಬಹುಭಾಗ ನೆಲಕಚ್ಚಿದ ಮೇಲೆಯೇ, 1945ರ ಮೇ 6ರಂದು ಅದು ಶರಣಾಯಿತು. ಯಾಲ್ಟಾ ಮತ್ತು ಪಾಟ್ಸ್‌ಡ್ಯಾಂ ಸಭೆಗಳಲ್ಲಿ ಗೆದ್ದ ದೇಶಗಳ ನಾಯಕರು ಪೋಲೆಂಡನ್ನು ಭೂಪಟದ ಮೇಲೆ ಪಶ್ಚಿಮಕ್ಕೆ ಸರಿಸಿದರು: ಪೂರ್ವದ ಪ್ರಾಂತಗಳು ಸೋವಿಯತ್ ಒಕ್ಕೂಟದ ಪಾಲಾದವು, ಅವುಗಳಿಗೆ ಬದಲಾಗಿ ಒದ್ರಾ ನದಿಯ ಕಡೆಯ ಜರ್ಮನ್ ನೆಲ ಪೋಲೆಂಡಿಗೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಜರ್ಮನ್ನರನ್ನು ರೈಲುಗಳಲ್ಲಿ ತುಂಬಿ ಹೊರಗೆ ಕಳುಹಿಸಲಾಯಿತು. ಖಾಲಿಯಾದ ಮನೆಗಳಿಗೆ ಪೋಲಿಷರು ಬಂದರು. ಒಂದು ಮಹಾನಗರದ ಜನರೆಲ್ಲ ಇಷ್ಟು ಬೇಗ, ಇಷ್ಟು ಪೂರ್ತಿಯಾಗಿ ಬದಲಾದ ಉದಾಹರಣೆ ಯುರೋಪಿನಲ್ಲೂ ಅಪರೂಪ.

ಹಾಗೆ ಬಂದವರಲ್ಲಿ ಹೆಚ್ಚಿನವರು ಮಧ್ಯ ಪೋಲೆಂಡಿನ ಹಳ್ಳಿ ಪಟ್ಟಣಗಳವರಾದರೂ, ಊರಿಗೆ ಹೊಸ ಮನಸ್ಸನ್ನು ಕೊಟ್ಟವರು ಪೂರ್ವದ ಲ್ವೂಫ್ ನಗರದಿಂದ, ಅಂದರೆ ಇಂದಿನ ಉಕ್ರೇನಿನ ಲ್ವಿವ್‌ನಿಂದ, ಬೇರು ಕಿತ್ತು ಬಂದವರು. ಅಲ್ಲಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಇಲ್ಲಿ ತರಗತಿಗಳನ್ನು ತೆರೆದರು. ಅಲ್ಲಿ 1817ರಲ್ಲಿ ಸ್ಥಾಪನೆಯಾಗಿದ್ದ ಒಸ್ಸೊಲಿನೆಯುಮ್ ಎಂಬ ಗ್ರಂಥಭಂಡಾರದ ಒಂದು ಭಾಗ ಇಲ್ಲಿಗೆ ಬಂತು. ಅಲ್ಲಿ ನಿಂತಿದ್ದ ನಾಟಕಕಾರ ಅಲೆಕ್ಸಾಂದೆರ್ ಫ್ರೆದ್ರೊನ ಪ್ರತಿಮೆ 1956ರಲ್ಲಿ ಊರಿನ ನಡುವಿನ ಮಾರುಕಟ್ಟೆ ಚೌಕದಲ್ಲಿ, ಹಿಂದೆ ಪ್ರಷ್ಯಾದ ಅರಸನ ಪ್ರತಿಮೆಯಿದ್ದ ಜಾಗದಲ್ಲಿ ನಿಂತಿತು. 15 ಮೀಟರ್ ಎತ್ತರ, 114 ಮೀಟರ್ ಉದ್ದದ ‘ರಾತ್ಸ್ವಾವಿತ್ಸೆ ಯುದ್ಧ’ ಎಂಬ, ಅಲ್ಲಿಂದಲೇ ಬಂದ ವರ್ತುಲಾಕಾರದ ಬೃಹತ್ ಚಿತ್ರಪಟವು ದಶಕಗಳ ಕಾಲ ಸುರುಳಿಯಾಗಿಯೇ ಬಿದ್ದಿದ್ದು 1985ರಲ್ಲಿ ಮತ್ತೆ ಜನರ ಕಣ್ಣಿಗೆ ಬಿತ್ತು. ಪ್ರತಿಮೆ, ಪುಸ್ತಕ, ಚಿತ್ರಗಳೆಲ್ಲ ನೆಲೆ ಕಂಡರೂ ಮನುಷ್ಯರ ಮನಸ್ಸಿಗೆ ನೆಲೆ ಸಿಗಲು ಹೆಚ್ಚು ಕಾಲ ಹಿಡಿಯಿತು. ಜರ್ಮನ್ನರು ಮರಳಿ ಬಂದು ಮನೆ ಕೇಳಬಹುದೆಂಬ ಭಯದಿಂದ ಜನ ಸೂರು ರಿಪೇರಿ ಮಾಡಿಸಲಿಲ್ಲ, ಹೊಸ ಗಿಡ ನೆಡಲಿಲ್ಲ. ಸರ್ಕಾರವೂ ಇಲ್ಲಿನ ಮುರಿದ ಕಟ್ಟಡಗಳ ಇಟ್ಟಿಗೆಯನ್ನು ವಾರ್ಸಾ ನಗರ ಕಟ್ಟಲು ಸಾಗಿಸಿತು. ಈ ಸ್ಥಿತಿಗೆ ಪೋಲಿಷರು ‘ಪೆಟ್ಟಿಗೆಯ ಮೇಲೆ ಕೂತ ಬದುಕು’ ಎನ್ನುತ್ತಾರೆ. ಪಶ್ಚಿಮ ಜರ್ಮನಿಯು 1970ರ ಡಿಸೆಂಬರಿನ ವಾರ್ಸಾ ಒಪ್ಪಂದದಲ್ಲಿ ಗಡಿಯನ್ನು ಮಾನ್ಯ ಮಾಡಿದಾಗ ಭಯ ಸಡಿಲಿತು; ಒಂದಾದ ಜರ್ಮನಿ 1990ರ ನವೆಂಬರಿನಲ್ಲಿ ಗಡಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ಅದು ಪೂರ್ತಿ ಹೋಯಿತು. ಹಳೆಯ ಮನೆಗಳಲ್ಲಿ ಇಂದಿಗೂ ಉಳಿದಿರುವ ಬೀರು, ತಟ್ಟೆ, ಹೊಲಿಗೆಯಂತ್ರಗಳನ್ನು ‘ಪೊನ್ಯೆಮ್ಯೆತ್ಸ್ಕ್ಯೆ’, ಎಂದರೆ ಜರ್ಮನ್ನರು ಬಿಟ್ಟುಹೋದದ್ದು, ಎಂಬ ಒಂದೇ ಪದದಿಂದ ಕರೆಯುವುದನ್ನು ಗಮನಿಸಿದರೆ, ಇನ್ನೊಬ್ಬರ ಮನೆಯಲ್ಲಿ ವಾಸಿಸುವ ಅರಿವು ಭಾಷೆಯೊಳಗೇ ಇಳಿದಿರುವುದು ತಿಳಿಯುತ್ತದೆ.

ಈ ಊರಿಗೂ ಬೆಂಗಳೂರಿಗೂ ಇರುವ ಒಂದು ಹಳೆಯ ನಂಟನ್ನು ಇಲ್ಲಿಯೇ ಹೇಳಬೇಕು. ಕ್ವಾಂಟಂ ಭೌತವಿಜ್ಞಾನದ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ 1882ರಲ್ಲಿ ಹುಟ್ಟಿದ್ದು ಬ್ರೆಸ್ಲಾವ್‌ನಲ್ಲಿ. ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯಲ್ಲಿ ಕೆಲಸ ಕಳೆದುಕೊಂಡ ಅವರು, ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸುಮಾರು ಆರು ತಿಂಗಳು ಕೆಲಸ ಮಾಡಿದರು. ಅವರನ್ನು ಬೆಂಗಳೂರಿನಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಬೇಕೆಂಬ ರಾಮನ್ ಅವರ ಪ್ರಯತ್ನ ಕೈಗೂಡಲಿಲ್ಲ. ಬಾರ್ನ್ 1936ರಲ್ಲಿ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ತಾತ್ಕಾಲಿಕವಾಗಿ ಬಂದವರನ್ನು ಉಳಿಸಿಕೊಳ್ಳುವ ಅವಕಾಶ ಒಂದು ಊರಿಗೆ ಎಷ್ಟು ಸಣ್ಣ ಗಳಿಗೆಯಲ್ಲಿ ಬಂದು ಹೋಗುತ್ತದೆ ಎಂಬುದಕ್ಕೆ ಕನ್ನಡಿಗರ ಮನೆಯಂಗಳದಲ್ಲೇ ನಡೆದ ನಿದರ್ಶನ ಇದು.

ಇಂದು ಭಾರತದಂತಹ ದೇಶದಿಂದ ವ್ರೊತ್ಸ್ವಾಫ್‌ಗೆ ದುಡಿಯಲು ಹೋಗುವವರ ದಾರಿ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಕೆಲಸ ಕೊಡುವವರು ಅರ್ಜಿ ಹಾಕಿ ಉದ್ಯೋಗದ ಪರವಾನಗಿ ಪಡೆಯಬೇಕು. ಅದರ ಆಧಾರದ ಮೇಲೆ ಕೆಲಸಗಾರರು ಹೆಚ್ಚೆಂದರೆ ಒಂದು ವರ್ಷದ ರಾಷ್ಟ್ರೀಯ ವೀಸಾ ಪಡೆಯುತ್ತಾರೆ. ಅಲ್ಲಿ ಸೇರಿದ ಮೇಲೆ, ವೀಸಾ ಮುಗಿಯುವ ಮೊದಲೇ, ಪ್ರಾಂತದಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿಯಾದ ‘ವೊಯೆವೊದಾ’ ಎಂಬ ಅಧಿಕಾರಿಯ ಕಚೇರಿಗೆ ತಾತ್ಕಾಲಿಕ ವಾಸ ಮತ್ತು ಕೆಲಸದ ಜಂಟಿ ಪರವಾನಗಿಗಾಗಿ ಅರ್ಜಿ ಸಲ್ಲಿಸುತ್ತಾರೆ. ಅದು ಸಿಕ್ಕರೆ ಹೆಚ್ಚೆಂದರೆ ಮೂರು ವರ್ಷಕ್ಕೆ ‘ಕಾರ್ತಾ ಪೊಬಿತು’ ಎಂಬ ವಾಸದ ಕಾರ್ಡ್ ಕೈಸೇರುತ್ತದೆ. ಕಷ್ಟವಿರುವುದು ನಡುವಿನ ಕಾಯುವಿಕೆಯಲ್ಲಿ. ಸಕಾಲದಲ್ಲಿ ಅರ್ಜಿ ಸಲ್ಲಿಸಿದವರ ವಾಸವು ತೀರ್ಮಾನ ಬರುವವರೆಗೆ ಕಾನೂನುಬದ್ಧವೆಂದೇ ಎಣಿಕೆಯಾಗುತ್ತದೆ, ಅದಕ್ಕೆ ಗುರುತಾಗಿ ಬಹುಕಾಲ ಪಾಸ್‌ಪೋರ್ಟಿನಲ್ಲಿ ಒಂದು ಮುದ್ರೆ ಒತ್ತುವ ಪದ್ಧತಿ ಇತ್ತು. ಆದರೆ ಆ ಗುರುತಿನ ಬಲದ ಮೇಲೆ ಪಕ್ಕದ ಜರ್ಮನಿಗಾಗಲಿ ಚೆಕ್ ದೇಶಕ್ಕಾಗಲಿ ಹೋಗುವಂತಿಲ್ಲ, ಸ್ವದೇಶಕ್ಕೆ ಹೋದರೆ ಮರಳಿ ಬರಲು ಹೊಸ ವೀಸಾ ಬೇಕು. ದೊಡ್ಡ ನಗರಗಳ ಕಚೇರಿಗಳಲ್ಲಿ ತೀರ್ಮಾನಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಹಿಡಿಯುವುದರಿಂದ, ತಂದೆತಾಯಿಯ ಕಾಯಿಲೆಗೋ ತಂಗಿಯ ಮದುವೆಗೋ ಹೋಗಲಾರದೆ ಉಳಿದವರ ಸಂಕಟವನ್ನು ಯಾವ ಕಡತವೂ ದಾಖಲಿಸುವುದಿಲ್ಲ. ಪರವಾನಗಿಯಲ್ಲಿ ಕೆಲಸ ಕೊಟ್ಟವರ ಹೆಸರೂ ನಮೂದಾಗುವ ಕಾರಣ, ಕೆಲಸ ಹೋದರೆ ಆ ಸಂಗತಿಯನ್ನು 15 ಕೆಲಸದ ದಿನಗಳೊಳಗೆ ಕಚೇರಿಗೆ ತಿಳಿಸಬೇಕಾಗುತ್ತದೆ.

ಮನೆ ಹುಡುಕುವಾಗ ಎದುರಾಗುವ ಪದಗಳಿಗೆ ಸ್ವಲ್ಪ ವಿವರಣೆ ಬೇಕು. ಜರ್ಮನ್ ಕಾಲದ, ಎತ್ತರದ ಚಾವಣಿಯ, ಹಲವು ಅಂತಸ್ತಿನ ಹಳೆಯ ವಠಾರಗಳಿಗೆ ‘ಕಾಮ್ಯೆನಿತ್ಸಾ’ ಎಂದೂ, ಕಮ್ಯುನಿಸ್ಟ್ ಆಡಳಿತದಲ್ಲಿ ಕಾರ್ಖಾನೆಯಲ್ಲೇ ಎರಕ ಹೊಯ್ದ ಕಾಂಕ್ರೀಟ್ ಹಲಗೆಗಳನ್ನು ಜೋಡಿಸಿ ಕಟ್ಟಿದ ವಸತಿಸಮುಚ್ಚಯಗಳಿಗೆ ‘ಬ್ಲೋಕ್’ ಎಂದೂ ಹೆಸರು. ಒಂದೇ ಕೋಣೆಯ ಮನೆಗೆ ‘ಕವಾಲೆರ್ಕಾ’, ಅಂದರೆ ಬ್ರಹ್ಮಚಾರಿಯ ಮನೆ, ಎನ್ನುತ್ತಾರೆ. ಜಾಹೀರಾತಿನಲ್ಲಿ ಕಾಣುವ ‘ಚಿನ್ಷ್’ ಎಂಬ ಪದಕ್ಕೆ ನಿಘಂಟಿನಲ್ಲಿ ಬಾಡಿಗೆ ಎಂಬ ಅರ್ಥವಿದ್ದರೂ, ಅದು ಹಲವು ಸಲ ಕಟ್ಟಡದ ನಿರ್ವಹಣೆಗೆ ಪ್ರತ್ಯೇಕವಾಗಿ ಕಟ್ಟಬೇಕಾದ ಹಣವಾಗಿರುತ್ತದೆ. ಮಾಲೀಕರ ಬಾಡಿಗೆ, ವಿದ್ಯುತ್ತು, ಅನಿಲ ಇವೆಲ್ಲ ಅದರ ಮೇಲೆ ಸೇರುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ‘ನಾಯೆಮ್ ಒಕಾಜ್ಯೊನಾಲ್ನಿ’ ಎಂಬ ವಿಶೇಷ ಬಾಡಿಗೆ ಕರಾರು. ಸಾಮಾನ್ಯ ಕಾನೂನು ಬಾಡಿಗೆದಾರರಿಗೆ ಬಲವಾದ ರಕ್ಷಣೆ ಕೊಟ್ಟಿರುವುದರಿಂದ, ಅವರನ್ನು ಬಿಡಿಸಲಾಗದೆ ಹೋದೀತೆಂದು ಹೆದರುವ ಮಾಲೀಕರು ಈ ಕರಾರನ್ನು ಕೇಳುತ್ತಾರೆ. ಇದರಲ್ಲಿ ಬಾಡಿಗೆದಾರರು ನೋಟರಿಯ ಮುಂದೆ ಹಾಜರಾಗಿ, ಅವಧಿ ಮುಗಿದಾಗ ಮನೆ ತೆರವು ಮಾಡಲು ಒಪ್ಪಿ, ಆಗ ತಾವು ಹೋಗಿ ಸೇರಬಹುದಾದ ಇನ್ನೊಂದು ಮನೆಯ ವಿಳಾಸವನ್ನು ಆ ಮನೆಯವರ ಒಪ್ಪಿಗೆಯೊಂದಿಗೆ ಬರೆದುಕೊಡಬೇಕು. ಅಪ್ಪನ ಮನೆಯೋ ಚಿಕ್ಕಮ್ಮನ ಮನೆಯೋ ಅದೇ ದೇಶದಲ್ಲಿರುವವರಿಗೆ ಇದು ಸಣ್ಣ ಕೆಲಸ. ಒಂದೇ ಒಂದು ಸೂರು ಹುಡುಕಿಕೊಂಡು ಬಂದವರಿಗೆ ಎರಡನೆಯ ಸೂರಿನ ವಿಳಾಸ ಹೇಳೆಂಬ ಈ ಕೇಳಿಕೆ ಎಷ್ಟು ದೊಡ್ಡ ಗೋಡೆಯೆಂಬುದನ್ನು ಕಾನೂನು ಮಾಡಿದವರು ಯೋಚಿಸಿರಲಾರರು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ, ಒಂದು ತಿಂಗಳಿಗಿಂತ ಹೆಚ್ಚಿನ ವಾಸಕ್ಕೆ ಬಂದವರು ನಾಲ್ಕು ದಿನಗಳೊಳಗೆ ವಿಳಾಸ ನೋಂದಾಯಿಸಬೇಕೆಂಬ ‘ಮೆಲ್ದುನೆಕ್’ ನಿಯಮವೂ ಇದೆ; ಅದಕ್ಕೆ ಸಹಿ ಹಾಕಲು ಹಿಂಜರಿಯುವ ಮಾಲೀಕರೂ ಇದ್ದಾರೆ.

ಕೆಲಸದ ಕರಾರುಗಳಲ್ಲಿ ‘ಉಮೊವಾ ಒ ಪ್ರಾತ್ಸೆ’ ಮತ್ತು ‘ಉಮೊವಾ ಜ್ಲೆತ್ಸೆನ್ಯೆ’ ಎಂಬ ಎರಡರ ವ್ಯತ್ಯಾಸವನ್ನು ಸಹಿ ಹಾಕುವ ಮೊದಲು ತಿಳಿದಿರಲೇಬೇಕು. ಮೊದಲನೆಯದು ಕಾರ್ಮಿಕ ಸಂಹಿತೆಯ ಅಡಿಯ ಪೂರ್ಣ ಉದ್ಯೋಗ: ವಾರಕ್ಕೆ 40 ಗಂಟೆ, ವರ್ಷಕ್ಕೆ 20 ಅಥವಾ 26 ದಿನಗಳ ಸಂಬಳಸಹಿತ ರಜೆ, ಮುನ್ಸೂಚನೆಯಿಲ್ಲದೆ ತೆಗೆಯಲಾಗದ ರಕ್ಷಣೆ. ರಜೆಯ ಲೆಕ್ಕದಲ್ಲಿ ಓದಿನ ವರ್ಷಗಳೂ ಸೇರುವುದು ಇಲ್ಲಿನ ಒಂದು ಒಳ್ಳೆಯ ಪದ್ಧತಿ. ಪದವಿಗೆ ಎಂಟು ವರ್ಷಗಳ ಸೇವೆಯ ಬೆಲೆಯಿದೆ. ಎರಡನೆಯದು ಒಂದು ಕೆಲಸವನ್ನು ವಹಿಸಿಕೊಡುವ ಸಿವಿಲ್ ಕರಾರು. ಗಂಟೆಗೆ ಕನಿಷ್ಠ ಕೂಲಿ ಅನ್ವಯವಾದರೂ ಕಾರ್ಮಿಕ ಸಂಹಿತೆಯ ರಜೆ, ರಕ್ಷಣೆಗಳು ಅದಕ್ಕಿಲ್ಲ. ಗೋದಾಮು, ಹೋಟೆಲು, ಊಟ ತಲುಪಿಸುವ ಸೈಕಲ್ ಇವುಗಳಲ್ಲಿ ದುಡಿಯುವ ವಿದೇಶಿಯರು ಹೆಚ್ಚಾಗಿ ಈ ಎರಡನೆಯ ಕರಾರಿನಲ್ಲೇ, ಅದೂ ನಡುವಿನ ಏಜೆನ್ಸಿಗಳ ಮೂಲಕ ಇರುತ್ತಾರೆ. ಹಾಸಿಗೆಯ ಬಾಡಿಗೆ, ಸಾರಿಗೆ ಎಂದು ಸಂಬಳದಲ್ಲಿ ಕಡಿತವಾಗುವ ಹಣದ ಲೆಕ್ಕವನ್ನು ಅವರು ಬರಹದಲ್ಲಿ ಕೇಳಿ ಪಡೆಯುವುದು ಅತ್ಯಗತ್ಯ, ಅನ್ಯಾಯವಾದಾಗ ದೂರು ಕೊಡಲು ರಾಷ್ಟ್ರೀಯ ಕಾರ್ಮಿಕ ತಪಾಸಣಾ ಇಲಾಖೆಯಿದೆ.

ಭಾಷೆಯ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಪೋಲಿಷ್ ಭಾಷೆಗೆ ಸಂಬೋಧನೆಯೂ ಸೇರಿ ಏಳು ವಿಭಕ್ತಿಗಳು. ಊರಿನ ಹೆಸರು ಕೂಡ ‘ಅಲ್ಲಿ’ ಎನ್ನುವಾಗ ‘ವೆ ವ್ರೊತ್ಸ್ವಾವ್ಯು’, ‘ಅಲ್ಲಿಗೆ’ ಎನ್ನುವಾಗ ‘ದೊ ವ್ರೊತ್ಸ್ವಾವ್ಯಾ’ ಎಂದು ರೂಪ ಬದಲಿಸುತ್ತದೆ. ನಾಮಪದದ ಕೊನೆಗೆ ಪ್ರತ್ಯಯ ಸೇರಿ ಅರ್ಥ ತಿರುಗುವುದು ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿನಿಂದ ಎಂದು ಬಾಲ್ಯದಿಂದ ಆಡಿದವರಿಗೆ ಹೊಸದಲ್ಲ, ಆದರೆ ಪೋಲಿಷ್‌ನಲ್ಲಿ ಲಿಂಗಕ್ಕೆ ತಕ್ಕಂತೆ ಪ್ರತ್ಯಯವೂ ಬೇರೆಯಾಗುವುದರಿಂದ ಅಭ್ಯಾಸ ದೀರ್ಘವಾಗಿರಬೇಕು. ಗೌರವದ ಮಾತಿನಲ್ಲಿ ಗಂಡಸರನ್ನು ‘ಪಾನ್’, ಹೆಂಗಸರನ್ನು ‘ಪಾನಿ’ ಎಂದು ಕರೆದು ಕ್ರಿಯಾಪದವನ್ನು ಪ್ರಥಮಪುರುಷದಲ್ಲಿ ಬಳಸುತ್ತಾರೆ. ಎದುರಿಗಿರುವವರನ್ನೇ ‘ಸ್ವಾಮಿಯವರು ಎಲ್ಲಿಗೆ ಹೊರಟಿದ್ದಾರೆ’ ಎಂದು ಕೇಳುವ ಹಳೆಯ ಕನ್ನಡದ ಮರ್ಯಾದೆ ಇದಕ್ಕೆ ಹತ್ತಿರ. ಲಿಫ್ಟ್ ಹತ್ತುವಾಗ, ವೈದ್ಯರ ಕೋಣೆಯ ಹೊರಗೆ ಕಾಯುವವರ ನಡುವೆ ಕೂರುವಾಗ ‘ಜೇನ್ ದೊಬ್ರಿ’, ಅಂದರೆ ಶುಭದಿನ, ಎನ್ನುವುದು ವಾಡಿಕೆ. ಬೀದಿಯಲ್ಲಿ ನಗದ ಜನ ಬಿಗಿಯೆಂದು ತಿಳಿದವರು ಈ ಎರಡು ಪದಗಳನ್ನು ಕಲಿತ ಮೇಲೆ ತಮ್ಮ ಅಭಿಪ್ರಾಯ ಬದಲಿಸಿಕೊಳ್ಳುತ್ತಾರೆ. ಕಂಪನಿಗಳ ಒಳಗೆ ಇಂಗ್ಲಿಷ್ ಸಾಕಾಗುತ್ತದೆ, ಸರ್ಕಾರಿ ಕಾಗದಪತ್ರಗಳಲ್ಲಿ ಸಾಕಾಗುವುದಿಲ್ಲ. ಐದು ವರ್ಷಗಳ ನಿರಂತರ ವಾಸದ ಮೇಲೆ ದೀರ್ಘಕಾಲೀನ ನಿವಾಸಿಯ ಹಕ್ಕು ಕೇಳುವವರಿಗೆ ಪೋಲಿಷ್ ಜ್ಞಾನದ ಪ್ರಮಾಣಪತ್ರವೂ ಬೇಕು.

ಊಟದ ಮಾತಿಗೆ ಬಂದರೆ, ‘ಬಾರ್ ಮ್ಲೆಚ್ನಿ’ ಎಂಬ, ‘ಹಾಲಿನ ಬಾರ್’ ಎಂದರ್ಥ ಬರುವ ಅಗ್ಗದ ಊಟದ ಮನೆಗಳು ಸಸ್ಯಾಹಾರಿಗಳಿಗೂ ಬಡ ಜೇಬಿನವರಿಗೂ ಆಸರೆ. ಅಲ್ಲಿ ಸಿಗುವ ‘ಪ್ಯೆರೊಗಿ ರುಸ್ಕ್ಯೆ’ ಎಂಬುದು ಆಲೂಗಡ್ಡೆ ಮತ್ತು ಒಡೆದ ಹಾಲಿನ ಗಿಣ್ಣಿನಂಥ ಚೀಸ್ ತುಂಬಿ ನೀರಿನಲ್ಲಿ ಬೇಯಿಸಿದ ಕಡುಬು. ಮೇಲೆ ಹಂದಿಕೊಬ್ಬಿನ ಹುರಿದ ಚೂರು ಹಾಕುವ ರೂಢಿಯಿರುವುದರಿಂದ ‘ಬೆಸ್ ಸ್ಕ್ವಾರೆಕ್’, ಅದಿಲ್ಲದೆ ಕೊಡಿ, ಎಂದು ಮೊದಲೇ ಹೇಳಬೇಕು. ಹೆಸರಿನಲ್ಲಿರುವ ‘ರುಸ್’ ರಷ್ಯಾ ಅಲ್ಲ, ಲ್ವೂಫ್ ಸುತ್ತಲಿನ ಹಳೆಯ ರುಥೇನಿಯಾ ಸೀಮೆ. 1945ರಲ್ಲಿ ಪೂರ್ವದಿಂದ ಬಂದವರೊಂದಿಗೆ ಈ ಕಡುಬೂ ಪಶ್ಚಿಮಕ್ಕೆ ಬಂದು ಇಡೀ ದೇಶದ ತಿಂಡಿಯಾಯಿತು. ಅಂಗಡಿಗಳಲ್ಲಿ ‘ಮಾಶ್ಲಾಂಕಾ’ ಎಂಬ ಮಜ್ಜಿಗೆ ಸಿಗುತ್ತದೆ. ಭಾನುವಾರ ದೊಡ್ಡ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. 2018ರಲ್ಲಿ ಜಾರಿಗೆ ಬಂದ ಕಾನೂನು ಅದಕ್ಕೆ ಕಾರಣ. ಡಿಸೆಂಬರಿನಲ್ಲಿ ಹಗಲು ಎಂಟು ಗಂಟೆಗೆ ಇಳಿದು, ಕಚೇರಿಯಿಂದ ಹೊರಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಮೊದಲ ಚಳಿಗಾಲದಲ್ಲಿ ಮನಸ್ಸು ಕುಗ್ಗುವುದು ಸಹಜವೆಂದು ಹೊಸಬರಿಗೆ ಮುಂಚೆಯೇ ಹೇಳಿಡಬೇಕು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಪೋಲಿಷ್ ಮನೆಗಳಲ್ಲಿ ಮಾಂಸವಿಲ್ಲದ ಹನ್ನೆರಡು ಬಗೆಯ ಅಡುಗೆ ಮಾಡಿ, ಕರೆಯದೆ ಬರಬಹುದಾದ ಅತಿಥಿಗಾಗಿ ಒಂದು ತಟ್ಟೆಯನ್ನು ಹೆಚ್ಚಾಗಿ ಇಡುತ್ತಾರೆ.

ಆ ತಟ್ಟೆಯ ಭಾವ ಊರಿನಲ್ಲೆಲ್ಲ ಸದಾ ಇರುತ್ತದೆಂದು ಹೇಳಲಾಗದು. ವಲಸಿಗರ ವಿರುದ್ಧದ ರಾಜಕೀಯ ಮಾತು ಪೋಲೆಂಡಿನಲ್ಲಿ ಈಚೆಗೆ ಬಿರುಸಾಗಿದೆ, ವೀಸಾ ನಿಯಮಗಳೂ ಬಿಗಿಯಾಗಿವೆ. ಆದರೆ 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ, ತಾಯಂದಿರು ಮಕ್ಕಳೊಂದಿಗೆ ವ್ರೊತ್ಸ್ವಾಫ್ ರೈಲುನಿಲ್ದಾಣದಲ್ಲಿ ಬಂದಿಳಿದಾಗ, ಸಾಮಾನ್ಯ ಜನ ತಮ್ಮ ಮನೆಗಳ ಕೋಣೆಗಳನ್ನು ಬಿಟ್ಟುಕೊಟ್ಟರು. ಹಾಗೆ ಬಂದಿಳಿದವರಲ್ಲಿ ಲ್ವಿವ್ ಕಡೆಯವರೂ ಇದ್ದರು. ಅಜ್ಜಿಯರು ಬಿಟ್ಟು ಬಂದ ಊರಿನಿಂದ ಬಂದವರಿಗೆ ಮೊಮ್ಮಕ್ಕಳು ಬಾಗಿಲು ತೆರೆದರು. ನಗರದ ಗ್ರಾಬಿಶಿನ್ ಉದ್ಯಾನದಲ್ಲಿ, ಯುದ್ಧಾನಂತರ ಅಳಿಸಿಹಾಕಿದ ಜರ್ಮನ್ ಸ್ಮಶಾನಗಳ ಕಲ್ಲುಗಳನ್ನೇ ಜೋಡಿಸಿ 2008ರಲ್ಲಿ ಕಟ್ಟಿದ ಸ್ಮಾರಕ, ಮೊದಲು ಇಲ್ಲಿದ್ದವರ ಹೆಸರುಗಳನ್ನೂ ಊರು ಮತ್ತೆ ಒಳಗೆ ಕರೆದುಕೊಂಡುದರ ಗುರುತು.

ಕೆಲಸದ ಅವಧಿ ಮುಗಿಸಿ ಹೊರಡುವ ವಿದೇಶಿಯರು ಬಾಡಿಗೆ ಮನೆಯ ಮುಂಗಡ ವಾಪಸು ಪಡೆದು, ನಗರ ಕಚೇರಿಗೆ ನಿರ್ಗಮನ ತಿಳಿಸಿ ಹೋಗುತ್ತಾರೆ. ಅವರ ಜೊತೆ ಹೋಗುವ ಒಂದು ಅಂಕಿಯಿದೆ: ‘ಪೆಸೆಲ್’ ಎಂಬ ಹನ್ನೊಂದು ಅಂಕಿಗಳ ಜನಸಂಖ್ಯಾ ನೋಂದಣಿ ಸಂಖ್ಯೆ. 1979ರಿಂದ ನಡೆದುಬಂದ ಈ ವ್ಯವಸ್ಥೆಯಲ್ಲಿ ಮೊದಲ ಆರು ಅಂಕಿಗಳು ಹುಟ್ಟಿದ ದಿನವನ್ನೂ, ಹತ್ತನೆಯದು ಸಮವೋ ಬೆಸವೋ ಎಂಬುದರಿಂದ ಹೆಣ್ಣು ಗಂಡೆಂಬುದನ್ನೂ ಸೂಚಿಸುತ್ತವೆ. ವಾಸದ ಕಾರ್ಡಿಗೆ ಕೊನೆಯ ದಿನಾಂಕವಿದೆ, ಕರಾರಿಗೆ ಇದೆ, ಮೆಲ್ದುನೆಕ್‌ಗೂ ಇದೆ, ಪೆಸೆಲ್‌ಗೆ ಇಲ್ಲ. ಒಮ್ಮೆ ಕೊಟ್ಟ ಆ ಸಂಖ್ಯೆಯನ್ನು ಬೇರೆ ಯಾರಿಗೂ ಕೊಡುವುದಿಲ್ಲ, ಹತ್ತಾರು ವರ್ಷಗಳ ನಂತರ ಅದೇ ವ್ಯಕ್ತಿ ಮತ್ತೆ ಬಂದರೆ ಕಚೇರಿಯ ಕಿಟಕಿಯಲ್ಲಿ ಅದೇ ಸಂಖ್ಯೆಯನ್ನು ಹೇಳಬಹುದು.